ಒಂದೇ ಬೀದಿ, ಎರಡು ಕಂದಾಯ

ಲಾಸ್ ಏಂಜಲೀಸ್‌ನ ಬಾಲ್ಡ್‌ವಿನ್ ಹಿಲ್ಸ್‌ನಲ್ಲಿ ಸ್ಟೆಫನಿ ನಾರ್ಡ್‌ಲಿಂಗರ್ ಎಂಬಾಕೆ 1988ರಲ್ಲಿ 1,70,000 ಡಾಲರ್ ಕೊಟ್ಟು ಸಾಧಾರಣ ಮನೆಯೊಂದನ್ನು ಕೊಂಡರು. ಕಂದಾಯ ಕಟ್ಟುವಾಗ ಗೊತ್ತಾದದ್ದೇನು? ಅಂಥದೇ ಮನೆಗಳ ಕೆಲವು ಹಳೆಯ ಮಾಲೀಕರು ಕಟ್ಟುತ್ತಿದ್ದುದು ಅವರದರ ಐದನೆಯ ಒಂದು ಪಾಲು! ಮಾಲಿಬು ಕಡಲತೀರದಲ್ಲಿ 21 ಲಕ್ಷ ಡಾಲರ್ ಬೆಲೆಬಾಳುವ ಮನೆಯ ಹಳೆಯ ಒಡೆಯನ ಕಂದಾಯಕ್ಕೂ ಇವರದಕ್ಕೂ ಕೆಲವೇ ಡಾಲರ್ ಅಂತರ.

ಇದರ ಮೂಲ, 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ಒಪ್ಪಿದ 'ಪ್ರೊಪೊಸಿಷನ್ 13'. ಮನೆಗಳ ಬೆಲೆಯೊಂದಿಗೆ ಕಂದಾಯವೂ ಏರುತ್ತಿದ್ದ ಕಾಲವದು. ಪಿಂಚಣಿ ನಂಬಿದ ವೃದ್ಧರ ಭಯ ಸುಳ್ಳಲ್ಲ. ಮನೆಯ ಬೆಲೆ ಏರಿದ ಮಾತ್ರಕ್ಕೆ ಜೇಬಿಗೆ ಕಾಸು ಬೀಳುವುದಿಲ್ಲವಲ್ಲ. ಹೀಗಾಗಿ ಕಂದಾಯ ಮೌಲ್ಯದ ಶೇ. 1ಕ್ಕೆ ನಿಂತಿತು. ಮೌಲ್ಯ 1975-76ರ ಮಟ್ಟಕ್ಕಿಳಿಯಿತು, ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಕೈಬದಲಾದರೆ ಮಾತ್ರ ಹೊಸ ಲೆಕ್ಕ.

ನಾರ್ಡ್‌ಲಿಂಗರ್ ಸುಪ್ರೀಂ ಕೋರ್ಟಿನವರೆಗೂ ಹೋಗಿ 1992ರಲ್ಲಿ ಸೋತರು. ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಅವರ ವಿರುದ್ಧ. ಕೊಳ್ಳುವವರಿಗೆ ಕಂದಾಯವೆಷ್ಟೆಂದು ಮೊದಲೇ ಗೊತ್ತು, ಬೇಡವೆಂದರೆ ಬಿಡಬಹುದು. ಇರುವವರಿಗೆ ಆ ದಾರಿಯಿಲ್ಲ ಎಂದಿತು ಕೋರ್ಟು.

ಒಪ್ಪೋಣ. ಆದರೆ 1986ರಿಂದ ಮಕ್ಕಳಿಗೂ ಅದೇ ಹಳೆಯ ಕಂದಾಯ ಬಳುವಳಿಯಾಗಿ ಸಿಗತೊಡಗಿತು. ಬಾಡಿಗೆಗೆ ಕೊಟ್ಟ ಮನೆಗೂ! 2020ರಲ್ಲಿ ಮತದಾರರು ಅದಕ್ಕೆ ಕತ್ತರಿ ಹಾಕಿದರು. ಹಳೆಯ ಲೆಕ್ಕ ಬೇಕಾದರೆ ಮಕ್ಕಳು ಆ ಮನೆಯಲ್ಲೇ ವಾಸಿಸಬೇಕು.