ಚಾಕುವಿನ ಅಗುಳಿಯನ್ನು ಎಷ್ಟು ನಂಬಬಹುದು?

ಮಂಡ್ಯ, ಮಳವಳ್ಳಿಗಳ ಗದ್ದೆಗಳಲ್ಲಿ ಕಬ್ಬು ಕಡಿಯುವ ಮಚ್ಚನ್ನೂ ಮದ್ದೂರಿನ ಮಾರುಕಟ್ಟೆಯಲ್ಲಿ ಎಳನೀರು ಕೆತ್ತುವ ಮಚ್ಚನ್ನೂ ನಾವೆಲ್ಲರೂ ಕಂಡಿದ್ದೇವೆ. ಅವುಗಳಲ್ಲಿ ಅಲಗೂ ಹಿಡಿಯೂ ಭದ್ರವಾಗಿ ಕೂಡಿಕೊಂಡಿರುತ್ತವೆ. ಮಡಿಸುವ ಚಾಕು ಹಾಗಲ್ಲ. ಅದರ ಅಲಗು ಕೀಲಿನ ಮೇಲೆ ತಿರುಗುತ್ತದೆ. ತೆರೆದ ಅಲಗು ಬೆರಳುಗಳ ಮೇಲೆ ಮುಚ್ಚಿಕೊಳ್ಳದಂತೆ ತಡೆಯುವುದು ಒಂದು ಪುಟ್ಟ ಅಗುಳಿ. ಫ್ರಾನ್ಸಿನ ಓಪಿನೆಲ್ ಚಾಕುವಿಗೆ 1955ರಲ್ಲಿ ಅಳವಡಿಸಿದ ತಿರುಗುವ ಉಂಗುರವು ಇಂತಹುದೇ ಒಂದು ಅಗುಳಿ.

ಎಳನೀರಿಗೆ ಚುಚ್ಚಿ ಸಿಕ್ಕಿಕೊಂಡ ಅಲಗನ್ನು ಅಲುಗಿಸಿ ಕೀಳುವಾಗ ಅಲಗಿನ ಬೆನ್ನಿನ ಮೇಲೆ ಬಲ ಬೀಳಬಹುದು. ಅದರ ಪರಿಣಾಮವನ್ನು ಸನ್ನೆಯ ನಿಯಮದಿಂದ ಲೆಕ್ಕ ಹಾಕೋಣ. ಕೀಲಿನಿಂದ ಅಲಗಿನ ತುದಿಗೆ 80 ಮಿಲಿಮೀಟರ್, ಅಗುಳಿಗೆ 5 ಮಿಲಿಮೀಟರ್ ದೂರವಿದೆಯೆನ್ನಿ. ತುದಿಯ ಮೇಲೆ 2 ಕಿಲೋಗ್ರಾಂ ಭಾರದಷ್ಟು ಬಲ ಬಿದ್ದರೆ, ಅಗುಳಿಯು ಅದರ 16 ಪಟ್ಟು, ಎಂದರೆ 32 ಕಿಲೋಗ್ರಾಂ ಭಾರದಷ್ಟು ಬಲವನ್ನು ತಡೆಯಬೇಕು!

ಚಾಕುವಿನ ಬೆನ್ನನ್ನು ಮೇಜಿಗೆ ಬಡಿದು ಅಗುಳಿಯನ್ನು ಪರೀಕ್ಷಿಸುವವರುಂಟು. ಇದು ಯುಕ್ತವಲ್ಲ. ಪೆಟ್ಟಿನ ಬಲ ಎಷ್ಟೆಂದು ನಮಗೆ ತಿಳಿಯದು. ಉತ್ತಮವಾದ ಅಗುಳಿಯೂ ಅದರಿಂದ ಕೆಡಬಹುದು. ಮೊದಲು ಕೀಲಿನಲ್ಲಿ ಸೇರಿದ ಮಣ್ಣನ್ನೂ ಕಬ್ಬಿನ ರಸದ ಅಂಟನ್ನೂ ತೆಗೆಯಬೇಕು. ಅವು ಇದ್ದರೆ ಅಗುಳಿ ಪೂರ್ತಿ ಕೂರುವುದಿಲ್ಲ. ಅನಂತರ ಶಾಲೆಯ ಕಾರ್ಯಾಗಾರದಲ್ಲಿ, ಉಪಾಧ್ಯಾಯರ ಎದುರಿನಲ್ಲಿ, ಹಿಡಿಯನ್ನು ವೈಸಿನಲ್ಲಿ ಹಗುರವಾಗಿ ಬಿಗಿದು, ಅಲಗಿನ ಹಾದಿಯಲ್ಲಿ ಬೆರಳಿಡದೆ, ಮರದ ತುಂಡಿನಿಂದ ಬೆನ್ನನ್ನು ಮೆಲ್ಲನೆ ಒತ್ತಬೇಕು. ಅಗುಳಿ ಜಾರಿದರೆ ಆ ಚಾಕುವನ್ನು ಬಳಸಲಾಗದು.

ಜಾರದಿದ್ದರೆ? ಆಗಲೂ ಅಗುಳಿಯು ಎರಡನೆಯ ರಕ್ಷಣೆಯೇ ಹೊರತು ಮೊದಲನೆಯದಲ್ಲ. ಅಗುಳಿಯೇ ಇಲ್ಲವೆಂದು ಭಾವಿಸಿ ಚಾಕುವನ್ನು ಹಿಡಿಯುವುದೇ ಮೊದಲನೆಯ ರಕ್ಷಣೆ. ಎಳನೀರಿಗೆ ಮಚ್ಚೇ ತಕ್ಕ ಸಾಧನ.