ಉರಿಮೂತ್ರಕ್ಕೆ ಉಷ್ಣವೊಂದೇ ಕಾರಣವಲ್ಲ

ಮೂತ್ರ ಮಾಡುವಾಗ ಉರಿ ಎಂದರೆ ಸಾಕು, ಮನೆಯಲ್ಲಿ ಹಿರಿಯರ ಮಾತು ಸಿದ್ಧ: ‘ಉಷ್ಣ ಆಗಿದೆ.’ ಹೊಕ್ಕುಳಿಗೆ ಹರಳೆಣ್ಣೆ, ಕುಡಿಯಲು ಎಳನೀರು, ಬಾರ್ಲಿ ನೀರು. ಇದರಲ್ಲಿ ಅರ್ಧ ನಿಜವಿದೆ. ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ ಇದ್ದರೆ ಮೂತ್ರ ಗಾಢ ಹಳದಿಯಾಗಿ ಚುರುಗುಟ್ಟಬಹುದು; ಚೆನ್ನಾಗಿ ನೀರು ಕುಡಿದರೆ ಇಳಿಯುತ್ತದೆ. ಆದರೆ ಗಳಿಗೆಗೊಮ್ಮೆ ಅವಸರ, ಹೋದರೆ ನಾಲ್ಕೇ ಹನಿ, ಕಿಬ್ಬೊಟ್ಟೆ ನೋವು, ಮೂತ್ರ ಕದಡಿದಂತೆ ಅಥವಾ ಕೆಂಪಗೆ ಕಂಡರೆ ಸೋಂಕಿರಬಹುದು. ಹೆಚ್ಚಿನ ಸಲ ಅದಕ್ಕೆ ಕಾರಣ ನಮ್ಮದೇ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯ. ಎಳನೀರು ಅದನ್ನು ಕೊಲ್ಲುವುದಿಲ್ಲ. ಮೂತ್ರ ಪರೀಕ್ಷೆ ಮಾಡಿಸಿ, ವೈದ್ಯರು ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳಬೇಕು. ಚಳಿಜ್ವರ, ಪಕ್ಕೆನೋವು ಸೇರಿಕೊಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆಗ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಈ ಸೋಂಕು ಹೆಂಗಸರನ್ನೇ ಹೆಚ್ಚು ಕಾಡುತ್ತದೆ. ಅದಕ್ಕೆ ‘ಶುಚಿಯಾಗಿರಲ್ಲ’ ಎಂದು ಅವರನ್ನೇ ದೂರುವುದು ಶುದ್ಧ ಅನ್ಯಾಯ. ಮೂತ್ರಕೋಶದಿಂದ ಹೊರಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂ.ಮೀ. ಉದ್ದ, ಹೆಂಗಸರಲ್ಲಿ ಸುಮಾರು 4 ಸೆಂ.ಮೀ. ಮಾತ್ರ. ಅದರ ಬಾಯಿ ಗುದದ್ವಾರಕ್ಕೂ ಹತ್ತಿರ. ರೋಗಾಣು ಕ್ರಮಿಸಬೇಕಾದ ದಾರಿಯೇ ಅಷ್ಟು ಸಣ್ಣದು.

‘ಒಮ್ಮೆ ಮೂತ್ರ ತಡೆದರೂ ಕಿಡ್ನಿ ಕೆಡುತ್ತದೆ’ ಎಂಬ ಹೆದರಿಕೆಯೂ ಇದೆ. ಮೂತ್ರಕೋಶ ಹಿಗ್ಗುವ ಸ್ನಾಯುವಿನ ಚೀಲ. 150–200 ಮಿ.ಲೀ. ತುಂಬುವಾಗ ಮೊದಲ ಸೂಚನೆ ಕೊಡುತ್ತದೆ, 400–500 ಮಿ.ಲೀ.ವರೆಗೆ ಹಿಡಿದಿಡುತ್ತದೆ. ಮೂತ್ರಪಿಂಡದಿಂದ ಇಳಿಯುವ ಎರಡು ನಾಳಗಳು ಅದರ ಗೋಡೆಯನ್ನು ಓರೆಯಾಗಿ ತೂರಿ ಒಳಬರುತ್ತವೆ. ಕೋಶ ತುಂಬಿದಷ್ಟೂ ಆ ದ್ವಾರ ಒತ್ತಿ ಮುಚ್ಚಿಕೊಳ್ಳುವುದರಿಂದ ಆರೋಗ್ಯವಂತರಲ್ಲಿ ಮೂತ್ರ ಹಿಂದಕ್ಕೆ ಹರಿಯುವುದಿಲ್ಲ. ಬಸ್ಸಿನಲ್ಲಿ ಒಂದು ಗಂಟೆ ತಡೆದರೆ ಏನೂ ಆಗದು. ಅಪಾಯ ಇರುವುದು ದಿನವೂ ತಡೆಯುವುದರಲ್ಲಿ. ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ, ನೀರಿಲ್ಲ ಎಂದು ಬೆಳಗಿನಿಂದ ಸಂಜೆವರೆಗೆ ಗುಟುಕು ನೀರೂ ಕುಡಿಯದ ಹುಡುಗಿಯರಿದ್ದಾರೆ. ಒಳಹೊಕ್ಕ ರೋಗಾಣುವನ್ನು ತೊಳೆದು ಹಾಕುವುದು ಹರಿಯುವ ಮೂತ್ರವೇ. ಆ ಮಕ್ಕಳಿಗೆ ಮಾತ್ರೆಗಿಂತ ಮೊದಲು ಬೇಕಿರುವುದು ಚಿಲಕವಿರುವ ಬಾಗಿಲು.

ಇನ್ನು, ಕೆಮ್ಮಿದರೆ, ಸೀನಿದರೆ ಹನಿ ಜಾರುವುದು. ‘ಹೆರಿಗೆಯಾದವರಿಗೆ ಇದೆಲ್ಲ ಇದ್ದದ್ದೇ’ ಎಂದು ಎಷ್ಟೋ ತಾಯಂದಿರು ಮದುವೆ ಮನೆಗೆ ಹೋಗುವುದನ್ನೇ ಬಿಡುತ್ತಾರೆ. ಹಲವರಿಗೆ ಇದು ವ್ಯಾಯಾಮದಿಂದಲೇ ಹಿಡಿತಕ್ಕೆ ಬರುತ್ತದೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇದರ ಬಗ್ಗೆ ಬರೆದಿದ್ದರು. ಗಾಳಿ ತಡೆಯುವಾಗ ಬಿಗಿಯುವ ಸ್ನಾಯುವನ್ನೇ ಐದಾರು ಸೆಕೆಂಡು ಬಿಗಿದು, ಅಷ್ಟೇ ಹೊತ್ತು ಸಡಿಲ ಬಿಡುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ, ಕನಿಷ್ಠ ಮೂರು ತಿಂಗಳು. ಮೂತ್ರ ಹೋಗುತ್ತಿರುವಾಗಲೇ ತಡೆದು ತಡೆದು ಅಭ್ಯಾಸ ಮಾಡಬೇಡಿ, ಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.