ಊರಿಲ್ಲದ ಊರಿಗೆ ಇಬ್ಬರು ಪ್ರತಿನಿಧಿಗಳು

ಇಂಗ್ಲೆಂಡಿನ ದಕ್ಷಿಣಭಾಗದಲ್ಲಿ, ಸಾಲ್ಸ್‌ಬರಿ ಪಟ್ಟಣಕ್ಕೆ ಅನತಿದೂರದಲ್ಲಿ, ಹುಲ್ಲು ಬೆಳೆದ ಒಂದು ದೊಡ್ಡ ದಿಬ್ಬವುಂಟು. ಅದರ ಹೆಸರು ಓಲ್ಡ್ ಸೇರಮ್. ಪೂರ್ವಕಾಲದಲ್ಲಿ ಅಲ್ಲಿ ಕೋಟೆಯಿದ್ದಿತು, ದೊಡ್ಡ ಇಗರ್ಜಿಯಿದ್ದಿತು, ಸುತ್ತಲೂ ಊರಿದ್ದಿತು. ೧೩ನೆಯ ಶತಮಾನದಲ್ಲಿ ಇಗರ್ಜಿಯನ್ನು ಕೆಳಗಿನ ಬಯಲಿಗೆ ಸ್ಥಳಾಂತರಿಸಲು, ಜನರೂ ಅದರ ಹಿಂದೆಯೇ ಇಳಿದುಬಂದರು. ಕಾಲಕ್ರಮದಲ್ಲಿ ದಿಬ್ಬವು ಹಾಳಾಗಿ ಕುರಿಗಳ ಮೇವಿನ ತಾಣವಾಯಿತು. ಊರು ಹೋಯಿತು, ಆದರೆ ಊರಿನ ಹಕ್ಕು ಹೋಗಲಿಲ್ಲ. ೧೮೩೨ನೆಯ ಇಸವಿಯವರೆಗೂ ಆ ಹಾಳುದಿಬ್ಬವು ಲಂಡನ್ನಿನ ಪಾರ್ಲಿಮೆಂಟಿಗೆ ಇಬ್ಬರು ಪ್ರತಿನಿಧಿಗಳನ್ನು ಕಳುಹಿಸುತ್ತಲೇ ಇದ್ದಿತು. ನೆಲದ ಒಡೆಯನು ಗೊತ್ತುಮಾಡಿದ ಬೆರಳೆಣಿಕೆಯ ಮತದಾರರು ಹೊಲದಲ್ಲಿದ್ದ ಒಂದು ಮರದ ಕೆಳಗೆ ಕೂಡಿ, ಒಡೆಯನು ಹೇಳಿಕೊಟ್ಟ ಎರಡು ಹೆಸರುಗಳನ್ನು ಉಚ್ಚರಿಸಿ, ಚದರಿಹೋಗುತ್ತಿದ್ದರು. ಅದೇ ಕಾಲದಲ್ಲಿ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲೀಡ್ಸ್, ಷೆಫೀಲ್ಡ್ ಮೊದಲಾದ ಕೈಗಾರಿಕೆಯ ಪಟ್ಟಣಗಳು ದಿನದಿನಕ್ಕೆ ಬೆಳೆಯುತ್ತಿದ್ದುವು. ಅವುಗಳಿಗೆ ತಮ್ಮವನೆಂದು ಹೇಳಿಕೊಳ್ಳಲು ಒಬ್ಬ ಪ್ರತಿನಿಧಿಯೂ ಇರಲಿಲ್ಲ.

ಈ ವೈಪರೀತ್ಯವನ್ನು ತಿದ್ದುವುದಕ್ಕಾಗಿ ೧೮ನೆಯ ಶತಮಾನದಲ್ಲಿ ನಡೆದ ಪ್ರಯತ್ನಗಳ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ನಾವು ಉದ್ದೇಶಿಸಿದ್ದೇವೆ. ಇದು ಗೆದ್ದವರ ಕಥೆಯಲ್ಲ. ಸಾರಿಸಾರಿಗೂ ಸೋತವರ ಕಥೆ. ಆದರೆ ಅವರ ಸೋಲುಗಳ ಮೇಲೆಯೇ ಮುಂದಿನವರ ಗೆಲವು ನಿಂತಿದೆ.

ಮೊದಲು ಆಗಿನ ಸಭೆಯ ಸ್ವರೂಪವನ್ನು ತಿಳಿಯೋಣ. ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ೫೫೮ ಮಂದಿ ಸದಸ್ಯರಿದ್ದರು. ಇಂಗ್ಲೆಂಡಿನ ಒಂದೊಂದು ಕೌಂಟಿಗೆ, ಅಂದರೆ ಜಿಲ್ಲೆಗೆ, ಇಬ್ಬಿಬ್ಬರು. ಹೆಚ್ಚಿನ ಸ್ಥಾನಗಳೆಲ್ಲ ‘ಬರೋ’ ಎಂಬ ಹೆಸರಿನ ಪಟ್ಟಣಗಳಿಗೆ ಸೇರಿದುವು. ಯಾವ ಊರು ಬರೋ ಎಂಬುದನ್ನು ಹಿಂದಿನ ಅರಸರು ಎಂದೋ ಗೊತ್ತುಮಾಡಿದ್ದರು. ಜನ ಬಂದರೂ ಹೋದರೂ ಆ ಪಟ್ಟಿ ಮಾತ್ರ ಕದಲಲಿಲ್ಲ. ಕಾರ್ನ್‌ವಾಲ್ ಎಂಬ ಒಂದೇ ಕೌಂಟಿಗೆ ೪೪ ಸದಸ್ಯರು. ಇಡೀ ಸ್ಕಾಟ್ಲೆಂಡಿಗೆ ೪೫. ಪೂರ್ವತೀರದ ಡನ್ವಿಚ್ ಎಂಬ ಊರಿನ ಬಹುಭಾಗವನ್ನು ಸಮುದ್ರವೇ ನುಂಗಿದ್ದಿತು. ಆದರೂ ಅದಕ್ಕೆ ಇಬ್ಬರು ಸದಸ್ಯರು ತಪ್ಪಲಿಲ್ಲ.

ಮತದ ಹಕ್ಕು ಇನ್ನೂ ವಿಚಿತ್ರವಾಗಿದ್ದಿತು. ಕೌಂಟಿಗಳಲ್ಲಿ ವರ್ಷಕ್ಕೆ ೪೦ ಷಿಲ್ಲಿಂಗು ಹುಟ್ಟುವಳಿಯುಳ್ಳ ಸ್ವಂತ ಜಮೀನಿದ್ದವನಿಗೆ ಮತ. ಇದು ೧೪೩೦ರ ಕಟ್ಟಳೆ. ಬರೋಗಳಲ್ಲಿ ಊರಿಗೊಂದು ಪದ್ಧತಿ. ಒಂದೆಡೆ ಊರಿನ ತೆರಿಗೆ ಕೊಡುವವರಿಗೆ, ಇನ್ನೊಂದೆಡೆ ಪುರಸಭೆಯ ಸದಸ್ಯರಿಗೆ ಮಾತ್ರ, ಮತ್ತೊಂದೆಡೆ ಗೊತ್ತಾದ ಕೆಲವು ನಿವೇಶನಗಳ ಒಡೆಯರಿಗೆ. ಸ್ವಂತ ಒಲೆ ಹೂಡಿ ತನ್ನ ಮಡಕೆಯನ್ನು ತಾನೇ ಬೇಯಿಸಿಕೊಳ್ಳುವ ಗೃಹಸ್ಥನಿಗೆ ಮತವೆಂಬ ಊರುಗಳೂ ಇದ್ದುವು! ಮತವನ್ನು ಗುಟ್ಟಾಗಿ ಕೊಡುವಂತಿರಲಿಲ್ಲ. ಎಲ್ಲರೆದುರಿಗೆ ಬಾಯಿಬಿಟ್ಟು ಹೇಳಬೇಕು, ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವರು. ಒಡೆಯನ ಮನೆಯಲ್ಲಿ ಬಾಡಿಗೆಗಿರುವವನು ಒಡೆಯನ ಇಷ್ಟಕ್ಕೆ ವಿರೋಧವಾಗಿ ಬಾಯಿಬಿಟ್ಟರೆ ಮರುದಿನ ಅವನ ಸಾಮಾನು ಬೀದಿಯಲ್ಲಿ. ಚುನಾವಣೆಯ ಊಟ, ಕುಡಿತ, ಲಂಚ, ಹೊಡೆದಾಟಗಳನ್ನು ಹೊಗಾರ್ತ್ ಎಂಬ ಚಿತ್ರಕಾರನು ೧೭೫೪-೫೫ರಲ್ಲಿ ನಾಲ್ಕು ಚಿತ್ರಗಳಾಗಿ ಬರೆದಿಟ್ಟಿದ್ದಾನೆ. ಅವು ಈಗಲೂ ಲಂಡನ್ನಿನ ಒಂದು ವಸ್ತುಸಂಗ್ರಹಾಲಯದಲ್ಲಿವೆ.

ಹೀಗೆ ಸ್ಥಾನಗಳು ಹೊಲಮನೆಗಳಂತೆ ಮಾರಾಟದ ವಸ್ತುಗಳಾದುವು. ಆ ವ್ಯಾಪಾರದಲ್ಲಿ ಭಾರತದ ಹಣವೂ ಸೇರಿದ್ದಿತೆಂಬುದನ್ನು ವಾಚಕರು ಗಮನಿಸಬೇಕು. ಓಲ್ಡ್ ಸೇರಮ್ ದಿಬ್ಬವನ್ನು ೧೬೯೧ರ ಸುಮಾರಿನಲ್ಲಿ ಕೊಂಡವನು ಥಾಮಸ್ ಪಿಟ್. ಭಾರತದ ವ್ಯಾಪಾರದಲ್ಲಿ ಹಣಮಾಡಿದವನು, ಮುಂದೆ ೧೬೯೮ರಿಂದ ೧೭೦೯ರವರೆಗೆ ಮದರಾಸಿನ ಗವರ್ನರಾಗಿದ್ದವನು. ಅಲ್ಲಿ ಅವನು ಕೊಂಡ ಒಂದು ಹಿರಿಯ ವಜ್ರವನ್ನು ೧೭೧೭ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಿದನು. ಅವನ ಮೊಮ್ಮಗನಾದ ಹಿರಿಯ ವಿಲಿಯಂ ಪಿಟ್ಟನು ೧೭೩೫ರಲ್ಲಿ ಸಭೆಯನ್ನು ಪ್ರವೇಶಿಸಿದ್ದು ಈ ಕುರಿದಿಬ್ಬದ ಪ್ರತಿನಿಧಿಯಾಗಿಯೇ. ಬಳಿಕ ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡುಮಾಡಿ ಹಿಂತಿರುಗಿದ ‘ನಬಾಬ’ರು ಒಬ್ಬರ ಮೇಲೊಬ್ಬರು ಸ್ಥಾನಗಳನ್ನು ಕೊಂಡರು. ಆರ್ಕಾಟಿನ ನವಾಬನಿಗೆ ಸಾಲಕೊಟ್ಟ ಆಂಗ್ಲರು ಕಾಮನ್ಸ್ ಸಭೆಯಲ್ಲಿ ತಮ್ಮದೊಂದು ಗುಂಪನ್ನೇ ಕಟ್ಟಿದ್ದರೆಂದು ಎಡ್ಮಂಡ್ ಬರ್ಕನು ೧೭೮೫ರಲ್ಲಿ ಅದೇ ಸಭೆಯಲ್ಲಿ ಗುಡುಗಿದನು. ಆರ್ಕಾಟು ಸೀಮೆಯ ರೈತನು ತೆತ್ತ ಕಂದಾಯವು ನವಾಬನ ಸಾಲದ ಬಡ್ಡಿಯಾಗಿ, ಆ ಬಡ್ಡಿಯು ಕಾರ್ನ್‌ವಾಲಿನ ಮತವಾಗಿ ಮಾರ್ಪಡುತ್ತಿದ್ದ ಕಾಲವದು.

ಜನರ ಕೋಪವು ಮೊದಲು ಬಹಿರಂಗವಾದುದು ಜಾನ್ ವಿಲ್ಕ್ಸನ ಪ್ರಕರಣದಲ್ಲಿ. ವಿಲ್ಕ್ಸನು ಸಚ್ಚರಿತ್ರನೆಂದು ಯಾರೂ ಹೇಳಿಲ್ಲ, ಆದರೆ ಎದೆಗಾರ. ಅರಸನ ಭಾಷಣವನ್ನು ತನ್ನ ಪತ್ರಿಕೆಯ ೪೫ನೆಯ ಸಂಚಿಕೆಯಲ್ಲಿ ಖಂಡಿಸಿ ೧೭೬೩ರಲ್ಲಿ ಸರಕಾರದ ಕೋಪಕ್ಕೆ ಪಾತ್ರನಾದನು. ೧೭೬೮ರಲ್ಲಿ ಮಿಡಲ್‌ಸೆಕ್ಸ್ ಕೌಂಟಿಯ ಮತದಾರರು ಅವನನ್ನು ಆರಿಸಿದರು. ಮರುವರ್ಷ ಸಭೆಯು ಅವನನ್ನು ಹೊರಹಾಕಿತು. ಮತದಾರರು ಮತ್ತೆ ಆರಿಸಿದರು. ಸಭೆ ಮತ್ತೆ ತಳ್ಳಿಹಾಕಿತು. ಕೊನೆಗೆ ಅವನಿಗೆ ೧,೧೪೩ ಮತಗಳೂ ಎದುರಾಳಿ ಲಟ್ರೆಲನಿಗೆ ೨೯೬ ಮತಗಳೂ ಬಂದಾಗ, ಸೋತ ಲಟ್ರೆಲನೇ ಗೆದ್ದನೆಂದು ಸಭೆ ತೀರ್ಮಾನಿಸಿತು. ಪ್ರತಿನಿಧಿಯನ್ನು ಆರಿಸುವವರು ಮತದಾರರೋ ಸಭೆಯೋ ಎಂಬ ಪ್ರಶ್ನೆ ಅಂದಿನಿಂದ ಬೀದಿಬೀದಿಯ ಮಾತಾಯಿತು. ೧೭೭೬ರ ಮಾರ್ಚ್ ತಿಂಗಳಲ್ಲಿ, ಸಭೆಗೆ ಮರಳಿ ಬಂದಿದ್ದ ಅದೇ ವಿಲ್ಕ್ಸನು, ದಿನಗೂಲಿಯವನಿಗೂ ಪ್ರಾತಿನಿಧ್ಯ ಬೇಕೆಂದು ಸೂಚನೆ ತಂದನು. ಸಭೆ ನಕ್ಕು ಅದನ್ನು ಕೈಬಿಟ್ಟಿತು.

ಅದೇ ವರ್ಷ ಜಾನ್ ಕಾರ್ಟ್‌ರೈಟ್ ಎಂಬ ಮಾಜಿ ನೌಕಾಧಿಕಾರಿಯು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿ, ಪುರುಷರೆಲ್ಲರಿಗೂ ಮತ, ಗುಪ್ತ ಮತದಾನ, ವರ್ಷಕ್ಕೊಮ್ಮೆ ಚುನಾವಣೆ ಎಂದು ಕೇಳಿದನು. ೧೭೮೦ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಸುಧಾರಕರು ಇವುಗಳಿಗೆ ಸಮನಾದ ಕ್ಷೇತ್ರಗಳು, ಸದಸ್ಯರಿಗೆ ವೇತನ, ಸದಸ್ಯನಾಗಲು ಆಸ್ತಿಯ ನಿಯಮವಿಲ್ಲದಿರುವುದು ಎಂಬ ಮೂರನ್ನು ಸೇರಿಸಿ ಆರು ಅಂಶಗಳನ್ನು ಮುಂದಿಟ್ಟರು. ಇತ್ತ ಯಾರ್ಕ್‌ಷೈರಿನಲ್ಲಿ ಕ್ರಿಸ್ಟಫರ್ ವೈವಿಲ್ ಎಂಬ ಪಾದ್ರಿಯು ಜಮೀನುದಾರರನ್ನು ೧೭೭೯ರ ಡಿಸೆಂಬರ್ ೩೦ರಂದು ಯಾರ್ಕ್ ನಗರದಲ್ಲಿ ಕೂಡಿಸಿ, ದುಂದುವೆಚ್ಚಕ್ಕೂ ಭ್ರಷ್ಟ ಸಭೆಗೂ ವಿರೋಧವಾಗಿ ಸಾವಿರಾರು ರುಜುಗಳ ಮನವಿಯನ್ನು ಸಿದ್ಧಪಡಿಸಿದನು. ಇತರ ಕೌಂಟಿಗಳೂ ಆ ಮೇಲ್ಪಂಕ್ತಿಯನ್ನು ಹಿಡಿದುವು.

ಆಗ ಸುಧಾರಕರಿಗೆ ಒಬ್ಬ ಸಮರ್ಥ ನಾಯಕನು ದೊರೆತನು: ಹಿರಿಯ ಪಿಟ್ಟನ ಮಗನಾದ ಕಿರಿಯ ವಿಲಿಯಂ ಪಿಟ್. ಇವನು ೧೭೮೨ರಲ್ಲಿ ತಂದ ಸೂಚನೆಯು ಬರಿಯ ೨೦ ಮತಗಳಿಂದ ಸೋತಿತು. ಮುಂದಿನ ವರ್ಷ ೨೯೩ಕ್ಕೆ ೧೪೯. ೧೭೮೫ರಲ್ಲಿ, ಪ್ರಧಾನಮಂತ್ರಿಯಾಗಿದ್ದುಕೊಂಡೇ ಮೂರನೆಯ ಸಾರಿ ಪ್ರಯತ್ನಿಸಿದನು. ೩೬ ಹಾಳು ಬರೋಗಳ ೭೨ ಸ್ಥಾನಗಳನ್ನು ಕೌಂಟಿಗಳಿಗೂ ಲಂಡನ್ನಿಗೂ ಕೊಡತಕ್ಕದ್ದು. ಬರೋಗಳ ಒಡೆಯರಿಗೆ ಪರಿಹಾರವಾಗಿ ಹತ್ತು ಲಕ್ಷ ಪೌಂಡುಗಳ ನಿಧಿಯನ್ನಿಡತಕ್ಕದ್ದು. ಜನರ ಹಕ್ಕನ್ನು ಹಣಕೊಟ್ಟು ಬಿಡಿಸಿಕೊಳ್ಳುವ ಈ ಉಪಾಯವೂ ೨೪೮ಕ್ಕೆ ೧೭೪ ಮತಗಳಿಂದ ಬಿದ್ದುಹೋಯಿತು. ತಾನು ಕುಳಿತ ಕೊಂಬೆಯನ್ನು ತಾನೇ ಕಡಿಯೆಂದರೆ ಯಾರು ಕಡಿದಾರು? ಸಭೆಯ ಮರ್ಮವೇ ಇದು: ಸುಧಾರಣೆಯಾಗಬೇಕಾದವರ ಒಪ್ಪಿಗೆಯಿಲ್ಲದೆ ಸುಧಾರಣೆಯಿಲ್ಲ. ಪಿಟ್ಟನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ದೊಡ್ಡವರು ಕೈಬಿಟ್ಟ ಕೆಲಸವನ್ನು ಚಿಕ್ಕವರು ಎತ್ತಿಕೊಂಡರು. ಥಾಮಸ್ ಹಾರ್ಡಿ ಎಂಬವನು ಸ್ಕಾಟ್ಲೆಂಡಿನಿಂದ ಬಂದು ಲಂಡನ್ನಿನ ಪಿಕಡಿಲಿಯಲ್ಲಿ ಅಂಗಡಿಯಿಟ್ಟಿದ್ದ ಪಾದರಕ್ಷೆ ಹೊಲಿಯುವವನು. ೧೭೯೨ರ ಜನವರಿ ೨೫ರ ಸಂಜೆ ಒಂಬತ್ತು ಮಂದಿ ಕಸಬುಗಾರರು ಒಂದು ಹೋಟೆಲಿನಲ್ಲಿ ಕೂಡಿದರು. ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿ ಎಂಬ ಸಂಘವು ಹುಟ್ಟಿತು. ಚಂದಾ ವಾರಕ್ಕೆ ಒಂದು ಪೆನ್ನಿ. ಸದಸ್ಯರ ಸಂಖ್ಯೆಗೆ ಮಿತಿಯಿಲ್ಲವೆಂಬುದು ಮೊದಲನೆಯ ನಿಯಮ. ಅಂಗಡಿಯವರೂ ಕಸಬುಗಾರರೂ ಆದ ತಮಗೆ ಪಾರ್ಲಿಮೆಂಟಿನ ಸುಧಾರಣೆಯನ್ನು ಕೇಳುವ ಹಕ್ಕುಂಟೇ ಎಂದು ಅವರು ಐದು ರಾತ್ರಿ ಚರ್ಚಿಸಿ, ಉಂಟೆಂದು ನಿಶ್ಚಯಿಸಿದರು. ಆ ಪ್ರಶ್ನೆಯನ್ನು ಅವರು ತಮ್ಮನ್ನೇ ಕೇಳಿಕೊಳ್ಳಬೇಕಾಗಿದ್ದಿತೆಂಬುದರಲ್ಲಿಯೇ ಆ ಕಾಲದ ಸ್ಥಿತಿ ತಿಳಿಯುತ್ತದೆ. ಗುಲಾಮಗಿರಿಯಿಂದ ಬಿಡುಗಡೆ ಪಡೆದು ಆತ್ಮಕಥೆಯನ್ನು ಬರೆದ ಆಫ್ರಿಕದ ಓಲಾಡಾ ಇಕ್ವಿಯಾನೋ ಹಾರ್ಡಿಯ ಮನೆಯಲ್ಲಿಯೇ ಕೆಲಕಾಲ ತಂಗಿದ್ದನು. ಅವನೂ ಈ ಸಂಘದ ಸದಸ್ಯ.

ಹೆಂಗಸರ ಮತದ ಮಾತನ್ನು ಮಾತ್ರ ಈ ಸುಧಾರಕರಲ್ಲಿ ಎತ್ತಿದವರು ವಿರಳ. ಅದೇ ೧೭೯೨ರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಎಂಬ ವಿದುಷಿಯು ಸ್ತ್ರೀಯರ ಹಕ್ಕುಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಸ್ತ್ರೀಯರಿಗೂ ಪ್ರತಿನಿಧಿಗಳಿರಬೇಕೆಂದು ಸೂಚಿಸಿದಳು. ಜನರು ನಗುವರೆಂಬುದನ್ನು ಬಲ್ಲೆನೆಂದೂ ಅಲ್ಲಿಯೇ ಸೇರಿಸಿದಳು.

ಚಾರ್ಲ್ಸ್ ಗ್ರೇ ಎಂಬ ತರುಣ ಸದಸ್ಯನು ೧೭೯೩ರ ಮೇ ತಿಂಗಳಲ್ಲಿ ಸಭೆಯ ಮುಂದಿಟ್ಟ ಮನವಿಯಲ್ಲಿ ಒಂದು ಲೆಕ್ಕವಿದ್ದಿತು: ಕೇವಲ ೧೫೪ ಜನರ ಪ್ರಭಾವದಿಂದ ೩೦೭ ಮಂದಿ ಸದಸ್ಯರು ಆರಿಸಿಬರುತ್ತಾರೆ; ಅಂದರೆ ಸಭೆಯ ಅರ್ಧಕ್ಕಿಂತ ಹೆಚ್ಚು. ಲೆಕ್ಕವನ್ನು ಕೇಳಿದ ಸಭೆಯು ೨೮೨ಕ್ಕೆ ೪೧ ಮತಗಳಿಂದ ಗ್ರೇಯನ್ನು ಸೋಲಿಸಿತು. ಆಗಲೇ ಫ್ರಾನ್ಸಿನಲ್ಲಿ ಕ್ರಾಂತಿಯಾಗಿ ಅರಸನ ತಲೆ ಉರುಳಿದ್ದಿತು. ಸುಧಾರಣೆಯೆಂದರೆ ರಾಜದ್ರೋಹವೆಂದು ಆಳುವವರು ಹೆದರಿದರು. ಸ್ಕಾಟ್ಲೆಂಡಿನಲ್ಲಿ ಥಾಮಸ್ ಮ್ಯೂರ್ ಎಂಬ ತರುಣ ವಕೀಲನಿಗೆ ೧೪ ವರ್ಷಗಳ ದ್ವೀಪಾಂತರ ಶಿಕ್ಷೆಯಾಯಿತು.

೧೭೯೪ರ ಮೇ ೧೨ರಂದು ಹಾರ್ಡಿಯನ್ನು ಸೆರೆಹಿಡಿದರು. ಆರೋಪ ರಾಜದ್ರೋಹ, ಶಿಕ್ಷೆ ಮರಣ. ಅವನ ಹೆಂಡತಿ ಲಿಡಿಯಾ ಆಗ ಗರ್ಭಿಣಿ. ಜೂನ್ ತಿಂಗಳಲ್ಲಿ ನೌಕಾಯುದ್ಧದ ಒಂದು ಜಯವನ್ನು ಆಚರಿಸುತ್ತಿದ್ದ ಪುಂಡರ ಗುಂಪು ಅವಳ ಮನೆಯ ಮೇಲೆ ಬಿದ್ದಿತು. ಆಕೆ ಹಿಂಬದಿಯ ಕಿಟಕಿಯಿಂದ ತಪ್ಪಿಸಿಕೊಳ್ಳಬೇಕಾಯಿತು. ಆಗಸ್ಟ್ ತಿಂಗಳಲ್ಲಿ ಹೆರಿಗೆಯಾಗಿ, ಮಗು ನಿರ್ಜೀವವಾಗಿ ಹುಟ್ಟಿತು, ತಾಯಿಯೂ ಉಳಿಯಲಿಲ್ಲ. ಗಂಡ ಸೆರೆಯಲ್ಲಿದ್ದನು. ರಾಜ್ಯದ ಇತಿಹಾಸವನ್ನು ಬರೆಯುವವರು ಮತಗಳ ಸಂಖ್ಯೆಯನ್ನು ಬರೆಯುತ್ತಾರೆ. ಅದರ ಬೆಲೆಯನ್ನು ತೆತ್ತ ಮನೆಗಳನ್ನು ನಾವು ನೆನೆಯಬೇಕು.

ವಿಚಾರಣೆ ಅಕ್ಟೋಬರ್ ೨೮ರಂದು ಮೊದಲಾಯಿತು. ವಕೀಲ ಅರ್ಸ್ಕಿನನು ಹಾರ್ಡಿಯ ಪರವಾಗಿ ವಾದಿಸಿದನು. ನವೆಂಬರ್ ೫ರಂದು ಹನ್ನೆರಡು ಮಂದಿ ಪಂಚರು ನಿರಪರಾಧಿಯೆಂದರು. ಜನರು ಹಾರ್ಡಿಯ ಬಂಡಿಯನ್ನು ತಾವೇ ಎಳೆದುಕೊಂಡು ಬೀದಿಗಳಲ್ಲಿ ಮೆರವಣಿಗೆ ಮಾಡಿದರು. ಬಳಿಕ ನಡೆದ ಹಾರ್ನ್ ಟೂಕನ ವಿಚಾರಣೆಯಲ್ಲಿ ಪ್ರಧಾನಮಂತ್ರಿ ಪಿಟ್ಟನನ್ನೇ ಸಾಕ್ಷಿಕಟ್ಟೆಗೆ ಕರೆದರು. ಸುಧಾರಣೆಗಾಗಿ ಕೂಡಿದ ಸಭೆಯೊಂದರಲ್ಲಿ ತಾನೂ ಹಿಂದೆ ಭಾಗಿಯಾಗಿದ್ದುದನ್ನು ಅವನು ಒಪ್ಪಿಕೊಳ್ಳಬೇಕಾಯಿತು. ಟೂಕನೂ ಬಿಡುಗಡೆಯಾದನು. ಆದರೂ ದಮನ ನಿಲ್ಲಲಿಲ್ಲ. ೧೭೯೫ರಲ್ಲಿ ಸಭೆಗಳನ್ನು ನಿರ್ಬಂಧಿಸುವ ಕಾನೂನು ಬಂದಿತು. ೧೭೯೯ರಲ್ಲಿ ಹಾರ್ಡಿಯ ಸಂಘವನ್ನು ಹೆಸರೆತ್ತಿಯೇ ನಿಷೇಧಿಸಿದರು. ಶತಮಾನವು ಮುಗಿಯುವಾಗ ಓಲ್ಡ್ ಸೇರಮ್ಮಿಗೆ ಇಬ್ಬರು ಪ್ರತಿನಿಧಿಗಳು ಇದ್ದೇ ಇದ್ದರು.

ಹಾಗಾದರೆ ಇದೆಲ್ಲ ವ್ಯರ್ಥವಾಯಿತೆ? ೧೭೯೩ರಲ್ಲಿ ೪೧ ಮತಗಳನ್ನು ಪಡೆದು ಸೋತ ಗ್ರೇಯೇ ೩೯ ವರ್ಷಗಳ ಬಳಿಕ ಪ್ರಧಾನಮಂತ್ರಿಯಾಗಿದ್ದನು. ೧೮೩೨ರ ಜೂನ್ ೭ರಂದು ಸುಧಾರಣೆಯ ಶಾಸನಕ್ಕೆ ಅಂಕಿತ ಬಿದ್ದಿತು. ೫೬ ಬರೋಗಳು ಸಂಪೂರ್ಣವಾಗಿ ಸ್ಥಾನ ಕಳೆದುಕೊಂಡುವು; ಓಲ್ಡ್ ಸೇರಮ್ ಅವುಗಳಲ್ಲೊಂದು. ಮ್ಯಾಂಚೆಸ್ಟರಿಗೂ ಬರ್ಮಿಂಗ್‌ಹ್ಯಾಮಿಗೂ ಲೀಡ್ಸಿಗೂ ಷೆಫೀಲ್ಡಿಗೂ ಇಬ್ಬಿಬ್ಬರು ಪ್ರತಿನಿಧಿಗಳು ದೊರೆತರು. ಮುಪ್ಪಿನ ಹಾರ್ಡಿ ಇದನ್ನು ಕಣ್ಣಾರೆ ಕಂಡು, ಆ ಅಕ್ಟೋಬರಿನಲ್ಲಿ ತೀರಿಕೊಂಡನು. ಆ ಶಾಸನವು ಬಡ ಕಸಬುಗಾರನಿಗೆ ಮತ ಕೊಡಲಿಲ್ಲವೆಂಬುದೂ ನಿಜವೇ. ವೆಸ್ಟ್‌ಮಿನ್‌ಸ್ಟರಿನ ಆರು ಅಂಶಗಳು ಒಂದೊಂದಾಗಿ ಬರಬೇಕಾಯಿತು: ಆಸ್ತಿಯ ನಿಯಮ ೧೮೫೮ರಲ್ಲಿ ಹೋಯಿತು, ಗುಪ್ತ ಮತದಾನ ೧೮೭೨ರಲ್ಲಿ ಬಂದಿತು, ಸದಸ್ಯರಿಗೆ ವೇತನ ೧೯೧೧ರಲ್ಲಿ, ಪುರುಷರೆಲ್ಲರಿಗೂ ಮತ ೧೯೧೮ರಲ್ಲಿ. ಸ್ತ್ರೀಯರಿಗೆ ಪುರುಷರ ಸಮಾನವಾಗಿ ಮತ ದೊರೆತುದು ೧೯೨೮ರಲ್ಲಿ. ವುಲ್‌ಸ್ಟನ್‌ಕ್ರಾಫ್ಟಳ ಸೂಚನೆಯಿಂದ ೧೩೬ ವರ್ಷಗಳಾಗಿದ್ದುವು. ವರ್ಷಕ್ಕೊಮ್ಮೆ ಚುನಾವಣೆಯೆಂಬ ಒಂದಂಶ ಮಾತ್ರ ಬರಲೇ ಇಲ್ಲ.

ಹನಿಗೂಡಿದರೆ ಹಳ್ಳವೆಂಬುದು ನಮ್ಮ ಹಿರಿಯರ ಮಾತು. ಕೇಳಿದೊಡನೆ ದೊರೆಯದ ನ್ಯಾಯವನ್ನು ಮರಳಿಮರಳಿ ಕೇಳುವವರು ಬೇಕು. ಕೇಳಿದುದನ್ನು ಬರೆದಿಡುವವರು ಬೇಕು. ವಾರಕ್ಕೊಂದು ಪೆನ್ನಿ ಕೊಟ್ಟು ಅದನ್ನು ಮಾಡಿದವರು ಪಿಕಡಿಲಿಯ ಅಂಗಡಿಯವನೂ ಅವನ ಗೆಳೆಯರೂ. ಅವರು ಬಯಸಿದ ಮತವು ಈಗ ನಮಗೆ ಸುಲಭವಾಗಿ ಕೈಗೆ ಬಂದಿದೆ. ಸುಲಭವಾಗಿ ಬಂದುದನ್ನು ಹಗುರಾಗಿ ಎಣಿಸದಿರುವುದು ಗೃಹಸ್ಥರಾದ ನಮ್ಮೆಲ್ಲರ ಕರ್ತವ್ಯ.